ಪುಟ್ಟ ಕಾರು, ದೊಡ್ಡ ಪುಟ: ಜಾಹೀರಾತಿನ ವಿನ್ಯಾಸವನ್ನು ಓದುವ ಬಗೆ

ಹೊಸದಾಗಿ ತರಗತಿಗೆ ಬಂದವರ ಮುಂದೆ ಒಂದು ಜಾಹೀರಾತು ಇಟ್ಟು ‘ಏನು ಕಾಣಿಸುತ್ತಿದೆ?’ ಎಂದು ಕೇಳುತ್ತೇನೆ. ‘ಚೆನ್ನಾಗಿದೆ ಸರ್’ ಅನ್ನುತ್ತಾರೆ ಕೆಲವರು. ‘ಅಷ್ಟೇನೂ ಇಲ್ಲ ಸರ್’ ಅನ್ನುತ್ತಾರೆ ಇನ್ನು ಕೆಲವರು. ನಾನು ಕೇಳಿದ್ದು ಏನು ಕಾಣಿಸುತ್ತಿದೆ ಎಂದು, ಅವರು ಹೇಳಿದ್ದು ತಮಗೆ ಹೇಗನ್ನಿಸಿತು ಎಂದು. ಈ ಎರಡರ ನಡುವಿನ ಅಂತರ ತಿಳಿದ ದಿನ ಅರ್ಧ ಪಾಠ ಮುಗಿದ ಹಾಗೆ. ಉಳಿದರ್ಧವನ್ನು ಈ ಲೇಖನದಲ್ಲಿ ನಿಧಾನವಾಗಿ ನೋಡೋಣ. ನಿಮಗೆ ಚಿತ್ರ ಬಿಡಿಸಲು ಬರಬೇಕಿಲ್ಲ, ಕಂಪ್ಯೂಟರ್ ಬೇಕಿಲ್ಲ. ಒಂದು ಜಾಹೀರಾತು, ಒಂದು ಪೆನ್ಸಿಲ್, ಒಂದಿಷ್ಟು ತಾಳ್ಮೆ ಸಾಕು.

ಮೊದಲ ಅಭ್ಯಾಸ ಬಹಳ ಸುಲಭ. ಜಾಹೀರಾತನ್ನು ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಅಕ್ಷರಗಳು ಕರಗಿ ಹೋಗುತ್ತವೆ, ಮುಖಗಳೂ ಮಸುಕಾಗುತ್ತವೆ. ಉಳಿಯುವುದು ಕಪ್ಪಗಿನ ಮುದ್ದೆಗಳು, ಬೂದು ಪಟ್ಟಿಗಳು, ಬಿಳಿಯ ಬಯಲು. ಯಾವ ಮುದ್ದೆ ಎಲ್ಲಿದೆ, ಎಷ್ಟು ದೊಡ್ಡದು, ಅದರ ಪಕ್ಕದಲ್ಲಿ ಎಷ್ಟು ಬಯಲಿದೆ? ಇದನ್ನೇ ಲೇಔಟ್ ಎನ್ನುತ್ತಾರೆ. ವಸ್ತು ಯಾವುದು, ನಟಿ ಯಾರು, ರಿಯಾಯಿತಿ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಓದುಗ ಪುಟ ತಿರುವಿದಾಗ ಅವನ ಕಣ್ಣಿಗೆ ಮೊದಲು ತಾಗುವುದು ಈ ಮುದ್ದೆಗಳೇ.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ನಮ್ಮ ಪತ್ರಿಕೆಗಳಲ್ಲಿ ಜಾಹೀರಾತಿನ ಜಾಗ ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ನಿಯತಕಾಲಿಕಗಳಲ್ಲಿ ಪೂರ್ತಿ ಪುಟ, ಅರ್ಧ ಪುಟ, ಕಾಲು ಪುಟ ಎಂದು ದರ ಇರುತ್ತದೆ. ಅಕ್ಷರ ತುಂಬಿದ ಜಾಗಕ್ಕೂ ಏನೂ ಇಲ್ಲದ ಜಾಗಕ್ಕೂ ದರ ಒಂದೇ. ಹಾಗಾಗಿ ಅಲ್ಲಿರುವ ಪ್ರತಿಯೊಂದು ಗೆರೆಯೂ, ಪ್ರತಿಯೊಂದು ಖಾಲಿತನವೂ ಯಾರೋ ದುಡ್ಡು ಕೊಟ್ಟು ತೆಗೆದುಕೊಂಡ ತೀರ್ಮಾನ. ವಿಶ್ಲೇಷಣೆ ಎಂದರೆ ಆ ತೀರ್ಮಾನಗಳ ಹಿಂದಿರುವ ಕಾರಣವನ್ನು ಹುಡುಕುವುದು.

ಹುಡುಕಲು ಕಲಿಯುವುದಕ್ಕೆ ನಾನು ಯಾವಾಗಲೂ ಎತ್ತಿಕೊಳ್ಳುವುದು ಅಮೆರಿಕದ ಒಂದು ಹಳೆಯ ಜಾಹೀರಾತನ್ನು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ‘ಥಿಂಕ್ ಸ್ಮಾಲ್’. ಸಣ್ಣದಾಗಿ ಯೋಚಿಸಿ ಎಂದು ಅದರ ಅರ್ಥ. 1959ರಲ್ಲಿ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಎಂಬ ಏಜೆನ್ಸಿ ಶುರು ಮಾಡಿದ ಪ್ರಚಾರ ಸರಣಿಗೆ ಸೇರಿದ್ದು ಇದು. ವಿನ್ಯಾಸ ಹೆಲ್ಮುಟ್ ಕ್ರೋನ್ ಅವರದು, ಬರಹ ಜೂಲಿಯನ್ ಕೋನಿಗ್ ಅವರದು. 1999ರಲ್ಲಿ ‘ಅಡ್ವರ್ಟೈಸಿಂಗ್ ಏಜ್’ ಪತ್ರಿಕೆ ಇಪ್ಪತ್ತನೇ ಶತಮಾನದ ಅತ್ಯುತ್ತಮ ಜಾಹೀರಾತು ಸರಣಿಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟಿದ್ದು ಈ ಬೀಟಲ್ ಸರಣಿಗೆ. ಆದರೆ ಪ್ರಶಸ್ತಿ ಬಂದಿದೆ ಎಂಬ ಕಾರಣಕ್ಕೆ ನಾನು ಇದನ್ನು ಆರಿಸುತ್ತಿಲ್ಲ. ಇದರಲ್ಲಿ ಇರುವ ವಸ್ತುಗಳು ಬಹಳ ಕಡಿಮೆ, ಎಲ್ಲವನ್ನೂ ಬೆರಳಿನಲ್ಲಿ ಎಣಿಸಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ.

ಎಣಿಸೋಣ. ಕಪ್ಪು ಬಿಳುಪಿನ ಒಂದು ಪೂರ್ತಿ ಪುಟ. ಮೇಲಿನ ಸುಮಾರು ಮೂರನೇ ಎರಡು ಭಾಗ ಚಿತ್ರಕ್ಕೆ, ಕೆಳಗಿನ ಮೂರನೇ ಒಂದು ಭಾಗ ಬರಹಕ್ಕೆ. ಆ ದೊಡ್ಡ ಚಿತ್ರದೊಳಗೆ ರಸ್ತೆಯಿಲ್ಲ, ಮರವಿಲ್ಲ, ಬಂಗಲೆಯಿಲ್ಲ, ಕಾರಿಗೆ ಒರಗಿ ನಿಂತ ಚೆಲುವೆಯೂ ಇಲ್ಲ. ತಿಳಿಬಣ್ಣದ ಖಾಲಿ ಬಯಲು. ಅದರ ಮೇಲ್ಭಾಗದಲ್ಲಿ, ಎಡಕ್ಕೆ ಸರಿದು, ತುಸು ಓರೆಯಾಗಿ ಒಂದು ಪುಟ್ಟ ಕಾರು. ಚಿತ್ರದ ಕೆಳಗೆ ನಟ್ಟ ನಡುವೆ ಎರಡೇ ಶಬ್ದಗಳ ತಲೆಬರಹ, ಅದರ ಕೊನೆಗೊಂದು ಪೂರ್ಣವಿರಾಮ. ಅದರ ಕೆಳಗೆ ಮೂರು ಕಾಲಂ ಬರಹ. ಆ ಬರಹದ ಮಗ್ಗುಲಲ್ಲೇ ಚಿಕ್ಕದಾಗಿ ಕಂಪನಿಯ ವೃತ್ತಾಕಾರದ ಲೋಗೊ. ಇಷ್ಟೇ. ಈ ಹಂತದಲ್ಲಿ ‘ಆಕರ್ಷಕ’, ‘ಮನಮೋಹಕ’ ಎಂಬ ಶಬ್ದಗಳು ಬೇಡ. ಪಂಚನಾಮೆ ಬರೆಯುವವರ ಹಾಗೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ. ಈ ಪಟ್ಟಿ ಎಷ್ಟು ಪ್ರಾಮಾಣಿಕವಾಗಿರುತ್ತದೋ ಮುಂದಿನ ವಿಶ್ಲೇಷಣೆ ಅಷ್ಟು ಗಟ್ಟಿಯಾಗಿರುತ್ತದೆ.

ಈಗ ಕಾರಣ ಹುಡುಕುವ ಕೆಲಸ. ವಿನ್ಯಾಸದ ಪುಸ್ತಕಗಳು ಇದಕ್ಕೆ ಕೆಲವು ಹೆಸರುಗಳನ್ನು ಕೊಟ್ಟಿವೆ. ರಾಬಿನ್ ವಿಲಿಯಮ್ಸ್ ಎಂಬ ಲೇಖಕಿ, ಅದೇ ಹೆಸರಿನ ನಟ ಅಲ್ಲ, 1994ರಲ್ಲಿ ಹೊಸಬರಿಗಾಗಿ ಬರೆದ ಪುಸ್ತಕದಲ್ಲಿ ನಾಲ್ಕನ್ನು ಹೇಳಿದರು: ವೈದೃಶ್ಯ, ಪುನರಾವರ್ತನೆ, ಸಾಲುಗೂಡಿಕೆ, ಸಾಮೀಪ್ಯ. ಬೇರೆಯವರು ಸಮತೋಲನ, ಖಾಲಿ ಜಾಗ, ಹಿರಿತನದ ಕ್ರಮ ಮುಂತಾದವನ್ನು ಸೇರಿಸುತ್ತಾರೆ. ಪಟ್ಟಿಯನ್ನು ಉರು ಹೊಡೆಯಬೇಡಿ. ಇವೆಲ್ಲ ಪ್ರಶ್ನೆ ಕೇಳಲು ಇರುವ ನೆಪಗಳು, ಅಷ್ಟೇ.

ವೈದೃಶ್ಯದಿಂದ ಶುರು ಮಾಡೋಣ. ಎರಡು ವಸ್ತುಗಳ ನಡುವೆ ಎದ್ದು ಕಾಣುವ ವ್ಯತ್ಯಾಸವೇ ವೈದೃಶ್ಯ. ದೊಡ್ಡದು ಸಣ್ಣದು, ಕಪ್ಪು ಬಿಳುಪು, ದಪ್ಪ ತೆಳು. ಸಾಮಾನ್ಯವಾಗಿ ಎದ್ದು ಕಾಣಬೇಕಾದದ್ದನ್ನು ದೊಡ್ಡದು ಮಾಡುತ್ತೇವೆ. ಇಲ್ಲಿ ಕ್ರೋನ್ ಮಾಡಿದ್ದು ತದ್ವಿರುದ್ಧ. ಕಾರನ್ನು ಸಣ್ಣದು ಮಾಡಿ ಸುತ್ತಲಿನ ಬಯಲನ್ನು ದೊಡ್ಡದು ಮಾಡಿದರು. ಆದರೂ ಕಣ್ಣು ನೇರ ಕಾರಿಗೇ ಹೋಗುತ್ತದೆ. ಏಕೆ? ಅಲ್ಲಿ ನೋಡಲು ಬೇರೇನೂ ಇಲ್ಲ. ಬೋಳು ಬಯಲಿನಲ್ಲಿ ಒಂಟಿ ಆಲದ ಮರ ಮೈಲಿ ದೂರಕ್ಕೂ ಕಾಣುತ್ತದೆ, ಅದೇ ಮರ ಕಾಡಿನ ನಡುವೆ ನಿಂತರೆ ಪಕ್ಕದಲ್ಲಿ ಹಾದುಹೋದರೂ ಗಮನಕ್ಕೆ ಬರುವುದಿಲ್ಲ. ಗಮನ ಸೆಳೆಯಲು ವಸ್ತುವನ್ನು ಹಿಗ್ಗಿಸುವುದು ಒಂದು ದಾರಿ, ಅದರ ಸುತ್ತಲಿನ ಗದ್ದಲವನ್ನು ತೆಗೆಯುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಹೆಚ್ಚು ಧೈರ್ಯ ಬೇಕು.

ಈ ಖಾಲಿ ಜಾಗದ ಬಳಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಇಡೀ ಜಾಹೀರಾತಿನ ಜೀವ ಇರುವುದು ಇಲ್ಲೇ. ಆ ಕಾಲದ ಅಮೆರಿಕದ ಕಾರುಗಳನ್ನು ನೆನಪಿಸಿಕೊಳ್ಳಿ. 1959ರ ಕ್ಯಾಡಿಲಾಕ್‌ಗೆ ಹಿಂಬದಿಯಲ್ಲಿ ಆಕಾಶಕ್ಕೆ ಎದ್ದ ರೆಕ್ಕೆಗಳಿದ್ದವು. ಅದೇ ವರ್ಷದಿಂದ ಪಾಂಟಿಯಾಕ್ ಕಾರುಗಳ ಜಾಹೀರಾತಿಗೆ ಆರ್ಟ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ವ್ಯಾನ್ ಕಾಫ್‌ಮನ್ ಎಂಬ ಕಲಾವಿದರ ಜೋಡಿ ಬಣ್ಣಬಣ್ಣದ ಚಿತ್ರ ಬರೆಯುತ್ತಿತ್ತು. ಅವರ ಚಿತ್ರಗಳಲ್ಲಿ ಕಾರು ನಿಜಕ್ಕಿಂತ ಅಗಲವಾಗಿ, ಪುಟದ ಈ ಅಂಚಿನಿಂದ ಆ ಅಂಚಿಗೆ ಚಾಚಿಕೊಂಡಂತೆ ಕಾಣುತ್ತಿತ್ತು. ಹಿನ್ನೆಲೆಯಲ್ಲಿ ಸಮುದ್ರತೀರ, ಹೋಟೆಲು, ಚೆನ್ನಾಗಿ ಉಡುಪು ಧರಿಸಿದ ಜನ. ದೊಡ್ಡದೇ ಒಳ್ಳೆಯದು ಎಂಬ ಮಾತನ್ನು ಆ ಪುಟಗಳು ಬಾಯಿಬಿಟ್ಟು ಹೇಳದೆಯೂ ಹೇಳುತ್ತಿದ್ದವು. ಅವುಗಳ ನಡುವೆ ಬೀಟಲ್ ಕುಳ್ಳು, ದುಂಡು, ವರ್ಷ ವರ್ಷ ರೂಪ ಬದಲಿಸದ ಕಾರು. ಮೇಲಾಗಿ ಜರ್ಮನಿಯದು, ಮಹಾಯುದ್ಧ ಮುಗಿದು ಹದಿನೈದು ವರ್ಷವೂ ಆಗಿರಲಿಲ್ಲ. ಇಂಥ ಕಾರನ್ನು ಪಾಂಟಿಯಾಕ್ ರೀತಿಯಲ್ಲಿ ತೋರಿಸಲು ಹೋಗಿದ್ದರೆ ಅದರ ಕುಳ್ಳುತನ ಬಯಲಾಗುತ್ತಿತ್ತು. ಕ್ರೋನ್ ಅದನ್ನು ಮುಚ್ಚಿಡಲಿಲ್ಲ, ಇನ್ನಷ್ಟು ಸಣ್ಣದು ಮಾಡಿ ತೋರಿಸಿದರು. ಪುಟ ತುಂಬಿ ತುಳುಕುತ್ತಿದ್ದ ಪತ್ರಿಕೆಯಲ್ಲಿ ಹೀಗೆ ಬಿಟ್ಟ ಬಯಲೇ ‘ನಾವು ಬೇರೆ’ ಎಂದು ಹೇಳಿತು.

ಹಾಗಾದರೆ ಇಷ್ಟು ಸಣ್ಣ ಕಾರು, ಅದೂ ಒಂದು ಮೂಲೆಗೆ ಸರಿದದ್ದು, ಪುಟವನ್ನು ವಾಲಿಸುವುದಿಲ್ಲವೇ? ಇಲ್ಲಿ ಸಮತೋಲನದ ಪಾಠ ಬರುತ್ತದೆ. ತಕ್ಕಡಿಯ ಎರಡು ತಟ್ಟೆಯಲ್ಲೂ ಒಂದೇ ತೂಕ ಇಟ್ಟರೆ ಅದು ನೇರ ನಿಲ್ಲುತ್ತದೆ. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ ಇರುವ ಮದುವೆ ಕರೆಯೋಲೆಯ ಸಮತೋಲನ ಅಂಥದ್ದು. ಇನ್ನೊಂದು ಬಗೆ ನಮ್ಮ ಹಳ್ಳಿಯ ಬಾವಿಯ ಏತದ್ದು. ಉದ್ದನೆಯ ಕಂಬದ ಒಂದು ತುದಿಗೆ ಹಗ್ಗ, ಬಾನಿ. ಇನ್ನೊಂದು ತುದಿಗೆ, ಆಧಾರಕ್ಕೆ ಹತ್ತಿರದಲ್ಲಿ, ಒಂದು ದಪ್ಪ ಕಲ್ಲು. ತೂಕ ಬೇರೆ, ದೂರ ಬೇರೆ, ಆದರೂ ಕಂಬ ತೂಗುತ್ತದೆ. ‘ಥಿಂಕ್ ಸ್ಮಾಲ್’ ಪುಟ ನಿಂತಿರುವುದು ಏತದ ಹಾಗೆ. ಮೇಲೆ ದೂರದಲ್ಲಿ ಹಗುರಾದ ಒಂಟಿ ಕಾರು, ಕೆಳಗೆ ತಲೆಬರಹ ಮತ್ತು ಅಗಲಕ್ಕೂ ಹರಡಿದ ಅಕ್ಷರಗಳ ಭಾರ. ಕೆಳಗಿನ ಮೂರು ಕಾಲಂಗಳನ್ನು ಕಾಗದದಿಂದ ಮುಚ್ಚಿ ನೋಡಿ, ಕಾರು ಮೇಲಕ್ಕೆ ಹಾರಿಹೋಗುವ ಗಾಳಿಪಟದಂತೆ ಕಾಣತೊಡಗುತ್ತದೆ. ಕಾಗದ ತೆಗೆದರೆ ಮತ್ತೆ ನೆಲೆಗೊಳ್ಳುತ್ತದೆ. ತರಗತಿಯಲ್ಲಿ ಈ ಪ್ರಯೋಗ ಮಾಡಿದಾಗಲೆಲ್ಲ ಯಾರಾದರೊಬ್ಬರು ‘ಅರೆ!’ ಅನ್ನುತ್ತಾರೆ. ಆ ‘ಅರೆ’ಗಾಗಿಯೇ ನಾನು ಪಾಠ ಮಾಡುವುದು.

ಮುಂದೆ ಕಣ್ಣಿನ ನಡೆ. ಇಂಗ್ಲಿಷ್ ಓದುವವರಂತೆ ಕನ್ನಡ ಓದುವವರ ಕಣ್ಣೂ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಚಲಿಸಿ ರೂಢಿ. ಕಾರು ಇರುವುದು ಮೇಲೆ ಎಡಗಡೆ, ಅಂದರೆ ಓದುಗ ತಾನಾಗಿಯೇ ಕಣ್ಣಿಡುವ ಕಡೆ. ಅಲ್ಲಿಂದ ಕಣ್ಣು ಬಯಲನ್ನು ದಾಟಿ ಕೆಳಗಿಳಿದು ತಲೆಬರಹಕ್ಕೆ ತಲಪುತ್ತದೆ. ಈ ಇಳಿಯುವ ದಾರಿಯಲ್ಲಿ ಅಡ್ಡ ಬರುವ ಒಂದೂ ವಸ್ತುವಿಲ್ಲ. ತಲೆಬರಹದಿಂದ ಮೊದಲ ಕಾಲಂಗೆ, ಹಾಗೇ ಮೂರನೆಯದಕ್ಕೆ, ಲೋಗೊಗೆ. ಮೊದಲು ಯಾವುದು, ಆಮೇಲೆ ಯಾವುದು, ಕೊನೆಗೆ ಯಾವುದು ಎಂಬ ಈ ಕ್ರಮವನ್ನೇ ಹಿರಿತನ ಎನ್ನುವುದು. ಮನೆಗೆ ಬಂದ ನೆಂಟರೆಲ್ಲ ಒಟ್ಟಿಗೇ ಮಾತಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ. ಪುಟದಲ್ಲೂ ಒಬ್ಬರ ನಂತರ ಒಬ್ಬರು ಮಾತಾಡಬೇಕು.

ತಲೆಬರಹದ ಆ ಪೂರ್ಣವಿರಾಮವನ್ನು ಮರೆಯಬೇಡಿ. ಸಾಮಾನ್ಯವಾಗಿ ತಲೆಬರಹಕ್ಕೆ ಚುಕ್ಕಿ ಇಡುವ ಪದ್ಧತಿಯಿಲ್ಲ. ಇಲ್ಲಿ ಚುಕ್ಕಿ ಇಟ್ಟಿದ್ದರಿಂದ ಅದು ಕೂಗಾಗದೆ ಒಂದು ವಾಕ್ಯವಾಯಿತು, ಸಮಾಧಾನದಿಂದ ಹೇಳಿದ ಮಾತಾಯಿತು. ಓದುಗ ಅಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ಅಕ್ಷರಶೈಲಿ ಫ್ಯೂಚುರಾ, ಪಾಲ್ ರೆನ್ನರ್ ರೂಪಿಸಿ 1927ರಲ್ಲಿ ಜರ್ಮನಿಯಲ್ಲಿ ಹೊರಬಂದದ್ದು. ಬಾಲ, ಕೊಕ್ಕೆಗಳಿಲ್ಲದ, ವೃತ್ತ ಮತ್ತು ನೇರ ಗೆರೆಗಳ ಅಕ್ಷರ. ಅಲಂಕಾರವಿಲ್ಲದ ಕಾರಿಗೆ ಅಲಂಕಾರವಿಲ್ಲದ ಅಕ್ಷರ.

ಸಾಮೀಪ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ, ರಂಗೋಲಿ ಹಾಕುವವರಿಗೆ ಅದು ಗೊತ್ತು. ಚುಕ್ಕಿಗಳನ್ನು ಅಡ್ಡಕ್ಕೆ ಹತ್ತಿರ ಹತ್ತಿರ ಇಟ್ಟರೆ ಅಡ್ಡಸಾಲು ಕಾಣುತ್ತದೆ, ಉದ್ದಕ್ಕೆ ಹತ್ತಿರ ಇಟ್ಟರೆ ಉದ್ದಸಾಲು. ಚುಕ್ಕಿ ಅದೇ, ಅಂತರ ಮಾತ್ರ ಬೇರೆ. ಮ್ಯಾಕ್ಸ್ ವರ್ಥೈಮರ್ ಎಂಬ ಮನೋವಿಜ್ಞಾನಿ 1923ರ ಪ್ರಬಂಧದಲ್ಲಿ ಇದನ್ನು ಇಂಥದೇ ಚುಕ್ಕಿಗಳಿಂದ ತೋರಿಸಿಕೊಟ್ಟರು. ಹತ್ತಿರ ಇರುವುದನ್ನು ಮನಸ್ಸು ಒಂದೇ ಗುಂಪು ಎಂದು ತಿಳಿಯುತ್ತದೆ. ಬೀಟಲ್ ಪುಟದಲ್ಲಿ ಮಾತೆಲ್ಲ ಕೆಳಗೆ ಒಂದೇ ಗುಂಪು, ಚಿತ್ರ ಮೇಲೆ ಪ್ರತ್ಯೇಕ. ಗೊಂದಲಕ್ಕೆ ಆಸ್ಪದವೇ ಇಲ್ಲ.

ಆದರೆ ಆ ಮೂರು ಕಾಲಂಗಳನ್ನು ಹತ್ತಿರದಿಂದ ನೋಡಬೇಕು. ಕಿರಿದಾದ ಕಾಲಂ ಓದಲು ಸುಲಭ, ಕಣ್ಣು ಮುಂದಿನ ಸಾಲಿನ ತುದಿಯನ್ನು ತಪ್ಪದೆ ಹಿಡಿಯುತ್ತದೆ. ಅದು ಸಾಮಾನ್ಯ ಜ್ಞಾನ. ವಿಶೇಷ ಇರುವುದು ಪ್ಯಾರಾಗಳ ಕೊನೆಯಲ್ಲಿ. ಒಂದೇ ಶಬ್ದ, ಎರಡೇ ಶಬ್ದಕ್ಕೆ ಮುಗಿದುಬಿಡುವ ಸಾಲುಗಳಿವೆ. ಅಚ್ಚುಕಟ್ಟು ಬಯಸುವ ಯಾವ ಪುಟವಿನ್ಯಾಸಕಾರರೂ ಅಂಥ ತುಂಡು ಸಾಲುಗಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಕ್ರೋನ್ ಬೇಕೆಂದೇ ಉಳಿಸಿಕೊಂಡರು. ಅದರಿಂದ ಬರಹದ ಮುದ್ದೆಯೊಳಗೆ ಅಲ್ಲಲ್ಲಿ ಬಿಳಿ ಕಿಂಡಿಗಳು ತೆರೆದವು, ಯಾರೋ ಎದುರು ಕುಳಿತು ನಿಲ್ಲಿಸಿ ನಿಲ್ಲಿಸಿ ಮಾತಾಡಿದ ಹಾಗಾಯಿತು. ಬರಹ ಹೇಳುವ ಸಂಗತಿಗಳೂ ಹಾಗೇ ಸಾದಾ ಲೆಕ್ಕಗಳು: ಗ್ಯಾಲನ್ನಿಗೆ 32 ಮೈಲಿ, ಒಂದು ಸೆಟ್ ಟೈರಿಗೆ 40,000 ಮೈಲಿ, ಸಣ್ಣ ಜಾಗದಲ್ಲಿ ಪಾರ್ಕಿಂಗ್, ಸಣ್ಣ ವಿಮಾ ಕಂತು, ಸಣ್ಣ ರಿಪೇರಿ ಬಿಲ್ಲು. ಈಗ ಮೇಲಕ್ಕೆ ನೋಡಿ. ಸಣ್ಣ ಕಾರು, ಸಣ್ಣ ತಲೆಬರಹ, ಸಣ್ಣ ಲೋಗೊ, ತುಂಡು ಸಾಲುಗಳು. ಬರಹ ಏನನ್ನು ವಾದಿಸುತ್ತಿದೆಯೋ ಅದನ್ನೇ ವಿನ್ಯಾಸ ಮಾಡಿ ತೋರಿಸುತ್ತಿದೆ. ನನ್ನ ಮಟ್ಟಿಗೆ ಒಂದು ಲೇಔಟನ್ನು ಅಳೆಯುವ ಕೊನೆಯ ಕೋಲು ಇದೇ. ಸಮತೋಲನ, ವೈದೃಶ್ಯ ಎಲ್ಲ ಸರಿಯಿದ್ದೂ ಬರಹ ಒಂದು ದಿಕ್ಕಿಗೆ, ವಿನ್ಯಾಸ ಇನ್ನೊಂದು ದಿಕ್ಕಿಗೆ ಎಳೆಯುತ್ತಿದ್ದರೆ ಆ ಪುಟ ಸೋತಿದೆ ಎಂದೇ ಬರೆಯಿರಿ.

ಒಂದು ಮಾತು ಸೇರಿಸಬೇಕು. ಮೇಲೆ ದೊಡ್ಡ ಚಿತ್ರ, ನಡುವೆ ತಲೆಬರಹ, ಕೆಳಗೆ ಬರಹ ಎಂಬ ಮೈಕಟ್ಟು ಕ್ರೋನ್ ಕಂಡುಹಿಡಿದದ್ದಲ್ಲ. ಆ ಕಾಲದ ಪತ್ರಿಕೆಗಳಲ್ಲಿ ಎಲ್ಲರೂ ಬಳಸಿ ಸವೆದಿದ್ದ ಮೈಕಟ್ಟು ಅದು. ಅವರು ಹಳೆಯ ಅಚ್ಚಿನೊಳಗೆ ಹೊಸ ಅಳತೆ ಇಟ್ಟರು, ಅಷ್ಟೇ. ಹೊಸಬರು ಮೊದಲ ದಿನವೇ ಯಾರೂ ಮಾಡದ ಲೇಔಟ್ ಮಾಡಬೇಕೆಂದು ಹೊರಡುವಾಗ ಇದನ್ನು ನೆನಪಿಸಬೇಕು ಅನ್ನಿಸುತ್ತದೆ.

ಈಗ ನಮ್ಮ ಊರಿನ ಪತ್ರಿಕೆಗೆ ಬರೋಣ. ಪಿಯುಸಿ ಫಲಿತಾಂಶದ ಮರುದಿನ ಕೋಚಿಂಗ್ ಸಂಸ್ಥೆಗಳ ಜಾಹೀರಾತು ನೋಡಿರುತ್ತೀರಿ. ಅಂಚೆಚೀಟಿ ಗಾತ್ರದ ಮುಖಗಳು, ಪ್ರತಿ ಮುಖದ ಕೆಳಗೆ ಹೆಸರು, ಅಂಕ. ಸಾಲು ಸಾಲಾಗಿ ಪುಟದ ತುಂಬ. ಖಾಲಿ ಜಾಗದ ಪಾಠ ಕೇಳಿದ ವಿದ್ಯಾರ್ಥಿ ತಕ್ಷಣ ‘ತುಂಬಾ ಗಿಜಿಗಿಜಿ ಸರ್, ಕೆಟ್ಟ ವಿನ್ಯಾಸ’ ಎನ್ನುತ್ತಾನೆ. ನಾನು ಒಪ್ಪುವುದಿಲ್ಲ. ಅರ್ಧ ಕಣ್ಣು ಮುಚ್ಚಿ ನೋಡಿದರೆ ಅಲ್ಲಿ ಕಾಣುವುದು ಒಂದೇ ಅಳತೆಯ ಚೌಕಗಳ ಪುನರಾವರ್ತನೆ, ನೇಯ್ದ ಬಟ್ಟೆಯ ಹಾಗೆ. ‘ಇಷ್ಟೊಂದು ಮಕ್ಕಳು’ ಎಂಬುದೇ ಅದರ ವಾದ, ಆ ವಾದಕ್ಕೆ ಗಿಜಿಗಿಜಿಯೇ ಸಾಕ್ಷಿ. ಅಲ್ಲಿ ಬಯಲು ಬಿಟ್ಟಿದ್ದರೆ ಮಕ್ಕಳು ಕಡಿಮೆ ಎಂದು ಓದುಗ ತಿಳಿಯುತ್ತಿದ್ದ. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಸೈಟು ಮಾರಾಟದ ಜಾಹೀರಾತು: ಮೇಲೆ ದೇವರ ಚಿತ್ರ, ಪಕ್ಕದಲ್ಲಿ ಮಾಲೀಕರ ಚಿತ್ರ, ಕೆಂಪು ನಕ್ಷತ್ರದೊಳಗೆ ದರ, ಹಳದಿ ನಕ್ಷತ್ರದೊಳಗೆ ಸಾಲ ಸೌಲಭ್ಯ, ಬಡಾವಣೆಯ ನಕ್ಷೆ, ಮೂರು ಫೋನ್ ನಂಬರ್. ಇಲ್ಲಿ ಪ್ರತಿಯೊಂದೂ ತಾನೇ ಮುಖ್ಯ ಎನ್ನುತ್ತಿದೆ. ಸೈಟು ಯಾವ ಊರಿನಲ್ಲಿದೆ ಎಂಬುದನ್ನು ಹುಡುಕಬೇಕು. ಇದಕ್ಕೆ ನನ್ನ ದೂರು ಗಿಜಿಗಿಜಿಯ ಬಗ್ಗೆ ಅಲ್ಲ, ಹಿರಿತನ ಇಲ್ಲದಿರುವುದರ ಬಗ್ಗೆ.

ಕನ್ನಡ ಅಕ್ಷರ ಬಂದಾಗ ಗಮನಿಸಬೇಕಾದ್ದು ಇನ್ನೂ ಎರಡಿವೆ, ಇಂಗ್ಲಿಷ್ ಪುಸ್ತಕಗಳಲ್ಲಿ ಇವು ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತು ಕೊಡಲು ಶಬ್ದವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬಹುದು. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಗಾತ್ರ, ದಪ್ಪ, ಬಣ್ಣ, ಸುತ್ತಲ ಜಾಗ, ಇಷ್ಟರಲ್ಲೇ ಕೆಲಸ ನಡೆಯಬೇಕು. ಎರಡನೆಯದು ಒತ್ತಕ್ಷರ. ಆಗಸ್ಟ್ 15ರ ಜಾಹೀರಾತುಗಳಲ್ಲಿ ‘ಸ್ವಾತಂತ್ರ್ಯೋತ್ಸವ’ ಎಂಬ ಶಬ್ದವನ್ನು ಹುಡುಕಿ ನೋಡಿ. ಐದು ಅಕ್ಷರಗಳಲ್ಲಿ ಮೂರಕ್ಕೆ ಒತ್ತು ಇದೆ, ಅವುಗಳಲ್ಲೊಂದಕ್ಕೆ ಎರಡೆರಡು. ಸಾಲುಗಳ ನಡುವೆ ಅಂತರ ಸಾಲದಿದ್ದರೆ ಈ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗುತ್ತವೆ. ಕಡುಬಣ್ಣದ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಕೊಟ್ಟರೆ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಶಾಯಿ ಹರಡಿ ಒತ್ತಿನ ತೆಳು ಗೆರೆಗಳು ಮುಚ್ಚಿಹೋಗುತ್ತವೆ. ಕಂಪ್ಯೂಟರ್ ಪರದೆಯ ಮೇಲೆ ಚೆಂದ ಕಂಡದ್ದು ಬೆಳಿಗ್ಗೆ ಮನೆ ಬಾಗಿಲಿಗೆ ಬರುವಾಗ ಮಸಿಯ ಚುಕ್ಕೆಯಾಗಿರುತ್ತದೆ. ಕನ್ನಡ ಜಾಹೀರಾತನ್ನು ವಿಶ್ಲೇಷಿಸುವಾಗ ಅಚ್ಚಾದ ಪ್ರತಿಯನ್ನೇ ಕೈಯಲ್ಲಿ ಹಿಡಿಯಿರಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಕೊನೆಗೆ, ಬರೆಯುವ ಬಗ್ಗೆ. ‘ಜಾಹೀರಾತಿನಲ್ಲಿ ಖಾಲಿ ಜಾಗವನ್ನು ಚೆನ್ನಾಗಿ ಬಳಸಲಾಗಿದೆ’ ಎಂದು ಬರೆದರೆ ನಾನು ಅಂಕ ಕೊಡುವುದಿಲ್ಲ. ಆ ವಾಕ್ಯವನ್ನು ಯಾವ ಜಾಹೀರಾತಿಗೂ ಅಂಟಿಸಬಹುದು. ‘ಚಿತ್ರದ ಭಾಗವನ್ನು ಹೆಚ್ಚುಕಡಿಮೆ ಪೂರ್ತಿ ಖಾಲಿ ಬಿಟ್ಟು ಕಾರನ್ನು ಮೇಲೆ ಎಡಕ್ಕೆ ಇಟ್ಟಿದ್ದರಿಂದ ಅದರ ಸಣ್ಣತನ ಮೊದಲ ನೋಟಕ್ಕೇ ತಿಳಿಯುತ್ತದೆ, ತಲೆಬರಹ ಅದನ್ನೇ ಮಾತಿನಲ್ಲಿ ಹೇಳುತ್ತದೆ’ ಎಂದು ಬರೆಯಿರಿ. ಎಲ್ಲಿದೆ, ಎಷ್ಟಿದೆ, ಅದರಿಂದ ಓದುಗನಿಗೆ ಏನಾಯಿತು: ಮೂರೂ ಒಂದೇ ವಾಕ್ಯದಲ್ಲಿ ಇರಲಿ. ಮೊದಮೊದಲು ಕೈ ತಡೆಯುತ್ತದೆ, ಎಲ್ಲರಿಗೂ ಹಾಗೇ. ಐದಾರು ಜಾಹೀರಾತು ಕಳೆದ ಮೇಲೆ ಸಲೀಸಾಗುತ್ತದೆ.

ನಾಳೆಯ ಪತ್ರಿಕೆಯಿಂದ ಒಂದು ಜಾಹೀರಾತು ಕತ್ತರಿಸಿಕೊಳ್ಳಿ. ಅದರ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಚಿತ್ರ, ತಲೆಬರಹ, ಬರಹ, ಲೋಗೊ ಎಲ್ಲಕ್ಕೂ ಪೆನ್ಸಿಲಿನಲ್ಲಿ ಬರೀ ಚೌಕ ಎಳೆಯಿರಿ. ನಿಮ್ಮ ಕಣ್ಣು ಹೋದ ಕ್ರಮದಲ್ಲಿ ಚೌಕಗಳಿಗೆ 1, 2, 3 ಎಂದು ಅಂಕಿ ಹಾಕಿ. ಆಮೇಲೆ ಅದೇ ಜಾಹೀರಾತನ್ನು ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ, ಅವರ ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ. ಚೆನ್ನಾಗಿದೆಯೋ ಇಲ್ಲವೋ ಎಂಬ ಅಭಿಪ್ರಾಯಕ್ಕೆ ಬೇರೆ ಹಾಳೆ ಇಟ್ಟುಕೊಳ್ಳಿ, ಅದನ್ನು ಕೊನೆಯಲ್ಲಿ ಬರೆಯಿರಿ.